ಸೈನಿಕರನ್ನು ನಗಿಸಲು ಹೋದವರು

ಆಕ್ಲೆಂಡ್‌ನ ನಮ್ಮ ಕನ್ನಡದವರ ಸಮಾರಂಭಗಳಲ್ಲಿ ಈಗಲೂ ಮೈಕು ಕಿರ್ರೆಂದು ಕೂಗಿದರೆ ಸಭೆಯೆಲ್ಲ ನನ್ನ ಕಡೆಗೆ ತಿರುಗುತ್ತದೆ. ನಾನು ನಿವೃತ್ತನಾಗಿದ್ದೇನೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎದ್ದು ಹೋಗಿ ಮೈಕನ್ನು ಸ್ಪೀಕರಿನ ಎದುರಿನಿಂದ ಈಚೆಗೆ ತರುತ್ತೇನೆ. ಕೂಗು ನಿಲ್ಲುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ನನ್ನ ಇಡೀ ವೃತ್ತಿಯಲ್ಲಿ ನನಗೇ ಎಂದು ಬಿದ್ದ ಚಪ್ಪಾಳೆಯೆಲ್ಲ ಈ ಬಗೆಯದೇ.

ಹೋದ ಯುಗಾದಿಗೆ ಹಾಗೆ ಎದ್ದು ಹೋದಾಗ ಮಿಕ್ಸರಿನ ಹಿಂದೆ ನಿಂತಿದ್ದ ಹುಡುಗಿ, ಇಲ್ಲೇ ಹುಟ್ಟಿ ಸೌಂಡ್ ಎಂಜಿನಿಯರಿಂಗ್ ಓದುತ್ತಿರುವವಳು, ಕೇಳಿದಳು: “ಅಂಕಲ್, ಈಸ್ ಇಟ್ ಟ್ರೂ? ನೀವು ವಾರ್ ಝೋನ್‌ಗೆಲ್ಲ ಹೋಗಿ ಶೋ ಮಾಡಿದ್ರಂತೆ? ದಟ್ಸ್ ಸೋ ಕೂಲ್!” ಅವಳಿಗೂ ಅಂಥ ತಂಡವೊಂದರಿಂದ ಕರೆ ಬಂದಿದೆಯಂತೆ. ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದಾಳಂತೆ. ಅಷ್ಟರಲ್ಲಿ ಹೋಳಿಗೆ ಬಡಿಸಲು ಶುರುವಾಗಿ ಅವಳಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ.

ನಾನು ಯುದ್ಧಕ್ಕೆ ಹೋದವನಲ್ಲ. ಯುದ್ಧದ ಪಕ್ಕದಲ್ಲಿ ಸ್ಪೀಕರು ಜೋಡಿಸಲು ಹೋದವನು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಆರ್ಕೆಸ್ಟ್ರಾಗಳಿಗೆ, ಗಣೇಶೋತ್ಸವಗಳಿಗೆ ಸೌಂಡ್ ಹಾಕುತ್ತಿದ್ದೆ. ಹೆಂಡತಿ ವಸುಧಾ ಸಿವಿಲ್ ಎಂಜಿನಿಯರು. ನ್ಯೂಜಿಲೆಂಡ್ ಅವಳನ್ನು ಬೇಕೆಂದು ಕರೆಯಿತು, ನನ್ನನ್ನು ಅವಳ ಸಾಮಾನಿನ ಜೊತೆ ಒಳಗೆ ಬಿಟ್ಟಿತು. ಆಕ್ಲೆಂಡ್‌ನ ಒನೆಹುಂಗಾದಲ್ಲಿ, ಕಾರ್ಖಾನೆಗಳ ಸಾಲಿನ ಒಂದು ತಗಡಿನ ಶೆಡ್ಡಿನಲ್ಲಿ, ಕಾಲಿನ್ ಎಂಬುವನು ಸ್ಪೀಕರು, ಮೈಕು, ದೀಪಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಅವನಲ್ಲಿ ಕೆಲಸಕ್ಕೆ ಸೇರಿದೆ. ಗೋಪಾಲಸ್ವಾಮಿ ಎಂಬ ನನ್ನ ಹೆಸರನ್ನು ಮೊದಲ ದಿನವೇ ಕತ್ತರಿಸಿ ‘ಗೋಪ್’ ಮಾಡಿದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನ್ಯೂಜಿಲೆಂಡಿನ ಸೈನಿಕರು ಶಾಂತಿ ಕಾಯಲು ಟಿಮೋರ್ ದ್ವೀಪದಲ್ಲಿದ್ದರು. ಆಮೇಲೆ ಸಾಲೊಮನ್ ದ್ವೀಪಗಳಿಗೆ ಹೋದರು, ಅಫ್ಘಾನಿಸ್ತಾನಕ್ಕೆ ಹೋದರು. ಅವರು ಹೋದಲ್ಲೆಲ್ಲ ಅವರ ಬೆನ್ನ ಹಿಂದೆ ಒಂದು ಮನರಂಜನೆಯ ತಂಡವೂ ಹೋಗುತ್ತಿತ್ತು. ನಾಲ್ಕು ಜನ ಹಾಡುವವರು, ಒಬ್ಬ ಹಾಸ್ಯಗಾರ, ಒಂದಿಷ್ಟು ನರ್ತಕಿಯರು. ಸೌಂಡಿಗೆ ಕಾಲಿನ್‌ನ ಶೆಡ್ಡಿನಿಂದ ನಾನು. ಬೇರೆಯವರಿಗೆಲ್ಲ ಚಿಕ್ಕ ಮಕ್ಕಳಿದ್ದರು, ಇಲ್ಲವೇ ಬುದ್ಧಿ ಇತ್ತು.

ಈ ತಂಡಗಳಿಗೆ ಎಂಥವರು ಬರುತ್ತಾರೆ ಎಂದು ಮೊದಲು ತಿಳಿದುಕೊಳ್ಳಬೇಕು. ಹೆಸರು ಉತ್ತುಂಗದಲ್ಲಿರುವ ಗಾಯಕ ಬರುವುದಿಲ್ಲ. ಅವನಿಗೆ ಊರಲ್ಲೇ ಕೆಲಸವಿರುತ್ತದೆ. ಬರುವವರು ಎರಡು ಥರ. ಇನ್ನೂ ಯಾರೂ ಕೇಳದವರು, ಈಗ ಯಾರೂ ಕೇಳದವರು. ಊರಿನ ಜನ ಎದ್ದು ಹೋಗಬಹುದು. ಸೈನಿಕ ಎದ್ದು ಹೋಗುವಂತಿಲ್ಲ. ಅವನಿಗೆ ಕೂರು ಎಂದು ಮೇಲಿನಿಂದ ಆಜ್ಞೆಯಾಗಿರುತ್ತದೆ. ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಸಭಿಕರು ಇನ್ನೆಲ್ಲಿ ಸಿಗಬೇಕು?

ತಂಡದ ಯಜಮಾನ ಬ್ರೆಂಡನ್. ಆಕ್ಲೆಂಡ್‌ನ ಒಂದು ರೇಡಿಯೊದಲ್ಲಿ ಸಂಜೆ ಜನ ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುವ ಹೊತ್ತಿಗೆ ಮಾತಾಡುತ್ತಿದ್ದವನು. ಒಂದು ಕಾಲಕ್ಕೆ ಅವನ ದನಿ ಕೇಳದ ಮನೆ ಇರಲಿಲ್ಲ. ನಾನು ಅವನನ್ನು ಕಂಡಾಗ ಆ ಕಾಲ ಇಳಿಯುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಅವನಿಗೆ ಎರಡು ದನಿಗಳಿದ್ದವು. ಒಂದು ಸೋಪು ಮಾರುವ ದನಿ, ಇನ್ನೊಂದು ಸಾವಿನ ಸುದ್ದಿಗೆಂದು ಎತ್ತಿಟ್ಟ ದನಿ. ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯಲು ಅವನಿಗೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಿರಲಿಲ್ಲ.

ಟಿಮೋರಿಗೆ ಹೊರಟ ದಿನ ಅವನು ವಿಮಾನಕ್ಕೆ ಬಂದದ್ದು ಹಸಿರು ಕಲೆಗಳ ಸೈನಿಕ ಉಡುಪಿನಲ್ಲಿ. ನಿಜವಾದ ಸೈನಿಕರು ಅವನ ಎದುರು ಸಾಲಾಗಿ ಕೂತಿದ್ದರು. ಒಬ್ಬ ಸಾರ್ಜೆಂಟ್ ಅವನನ್ನು ಮೇಲಿನಿಂದ ಕೆಳಗೆ ನೋಡಿ ಕಿವಿಗೆ ಹತ್ತಿ ತುರುಕಿಕೊಂಡು ಕಣ್ಣು ಮುಚ್ಚಿದ. ಸೈನ್ಯದ ಸರಕು ವಿಮಾನದಲ್ಲಿ ಸದ್ದಿಗಾಗಿ ಎಲ್ಲರೂ ಕಿವಿಗೆ ಏನಾದರೂ ತುರುಕಿಕೊಳ್ಳುತ್ತಾರೆ. ಆದರೆ ಆಗಿನ್ನೂ ಎಂಜಿನ್ನೇ ಶುರುವಾಗಿರಲಿಲ್ಲ.

ಟಿಮೋರಿನಲ್ಲಿ ನಾವು ಇಳಿದಾಗ ಮಳೆ. ಆಗಿನ ಮಿಕ್ಸರು ಇಬ್ಬರು ಎತ್ತುವ ತೂಕದ್ದು. ಒಳಗೆ ತೇವ ಹೋದರೆ ಒಂದೊಂದು ಗುಂಡಿಯೂ ಹುರಿಗಡಲೆಯ ಹಾಗೆ ಪಟಪಟ ಎನ್ನುತ್ತಿತ್ತು. ಅಡುಗೆಯವರ ಒಲೆಯ ಹತ್ತಿರ ಅದನ್ನಿಟ್ಟು ಬೆಚ್ಚಗೆ ಮಾಡಿ, ಟಾರ್ಪಾಲಿನ ಕೆಳಗೆ ಕಾರ್ಯಕ್ರಮಕ್ಕೆ ಅಣಿಮಾಡಿದೆ. ಸ್ಪೀಕರುಗಳನ್ನು ಸೈನಿಕರ ಕಡೆಗೆ ತಿರುಗಿಸಿಟ್ಟಿದ್ದೆ. ಬ್ರೆಂಡನ್ ಬಂದವನೇ ಅವನ್ನು ಅತಿಥಿಗಳ ಡೇರೆಯ ಕಡೆಗೆ ತಿರುಗಿಸಲು ಹೇಳಿದ. ವೆಲ್ಲಿಂಗ್ಟನ್ನಿನಿಂದ ಒಬ್ಬ ರಾಜಕಾರಣಿ ಬಂದಿದ್ದ.

“ಗೋಪ್, ಸೈನಿಕರು ಎಲ್ಲಿ ಕೂತರೂ ಕೇಳಿಸಿಕೊಳ್ತಾರೆ. ದುಡ್ಡು ಮಂಜೂರು ಮಾಡೋರಿಗೆ ಚೆನ್ನಾಗಿ ಕೇಳಿಸಬೇಕು,” ಎಂದ.

ರಾಜಕಾರಣಿ ಭಾಷಣಕ್ಕೆ ನಿಂತ. ನೀವು ನಮ್ಮ ಹೆಮ್ಮೆ ಎಂದ, ನಿಮ್ಮ ತ್ಯಾಗ ಎಂದ, ತನ್ನ ಕ್ಷೇತ್ರದ ಹಾಲಿನ ಡೇರಿಯ ವಿಷಯವನ್ನೂ ಹೇಳಿದ. ಅತಿಥಿಗಳ ಡೇರೆಯಲ್ಲಿ ಒಬ್ಬೊಬ್ಬರೂ ಒಣಗಿದ ಕುರ್ಚಿಯಲ್ಲಿ. ಸೈನಿಕರು ಕೆಸರಿನಲ್ಲಿ, ಮಳೆಯಂಗಿಯ ತಲೆಗವಸು ಎಳೆದುಕೊಂಡು. ಸುತ್ತ ಗದ್ದೆಗಳಲ್ಲಿ ಕಪ್ಪೆಗಳು ಎಷ್ಟು ಜೋರಾಗಿ ವಟಗುಟ್ಟುತ್ತಿದ್ದವೆಂದರೆ ಹಿಂದೆ ಕೂತವರಿಗೆ ಕೇಳಿಸಿದ್ದು ಅವು ಮಾತ್ರ. ಕಾರ್ಯಕ್ರಮ ಹೇಗಿತ್ತು ಎಂದು ಆಮೇಲೆ ಆ ಸಾರ್ಜೆಂಟನ್ನು ಕೇಳಿದೆ. “ಕಪ್ಪೆಗಳು ಚೆನ್ನಾಗಿ ಮಾಡಿದವು,” ಎಂದ.

ಆ ತಂಡದಲ್ಲಿ ಒಬ್ಬರೇ ಒಬ್ಬರನ್ನು ನಾನು ಗೌರವಿಸುತ್ತಿದ್ದೆ. ಆರೊಹಾ. ಆಕೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಹೆಂಗಸು, ನನಗಿಂತ ಹಿರಿಯಳು, ಕ್ಲಬ್ಬುಗಳಲ್ಲಿ ಮದುವೆಮನೆಗಳಲ್ಲಿ ಹಾಡಿ ಮಕ್ಕಳನ್ನು ಸಾಕಿದವಳು. ನಮ್ಮ ಸಂಗೀತದ ಆರೋಹವನ್ನು ನೆನಪಿಸುವ ಆ ಹೆಸರಿಗೆ ಅವರ ಭಾಷೆಯಲ್ಲಿ ಪ್ರೀತಿ ಎಂದು ಅರ್ಥ. ದೊಡ್ಡ ಗಾಯಕಿಯೇನಲ್ಲ. ತನ್ನ ದನಿ ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿದು ಅಲ್ಲೇ ನಿಲ್ಲುತ್ತಿದ್ದಳು. ಟಿಮೋರಿನಲ್ಲಿ ತನ್ನ ಸರದಿ ಬಂದಾಗ ವೇದಿಕೆ ಇಳಿದು ಕೆಸರಿಗೆ ಹೋದಳು, ಮೈಕಿಲ್ಲದೆ ಹಾಡಿದಳು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಬ್ರೆಂಡನ್‌ಗೆ ಸಿಟ್ಟು ಬಂತು, ಏಕೆಂದರೆ ಅವಳು ರಾಜಕಾರಣಿಗೆ ಬೆನ್ನು ಮಾಡಿ ನಿಂತಿದ್ದಳು.

ಸಾಲೊಮನ್ ದ್ವೀಪಕ್ಕೆ ಹೋದಾಗಿನ ಕಥೆ ಇನ್ನೊಂದು. ಟೀವಿಯಲ್ಲಿ ಒಮ್ಮೆ ಗೆದ್ದಿದ್ದ ಒಬ್ಬ ತರುಣ ಗಾಯಕ ತನಗೆ ಫ್ಯಾನಿರುವ ಪ್ರತ್ಯೇಕ ಕೋಣೆ ಬೇಕೆಂದು ಹಟ ಹಿಡಿದ. ಅಲ್ಲಿ ಫ್ಯಾನಿದ್ದದ್ದು ಜ್ವರ ಬಂದವರನ್ನು ಮಲಗಿಸುವ ಡೇರೆಯಲ್ಲಿ ಮಾತ್ರ. ಮಲೇರಿಯಾ ಹಿಡಿದ ಇಬ್ಬರನ್ನು ಎಬ್ಬಿಸಿ ಬೇರೆ ಕಡೆ ಮಲಗಿಸಿದರು. ಗಾಯಕ ಅಲ್ಲಿ ಕೂತು ಕೂದಲು ನೇರ ಮಾಡಿಕೊಂಡ. ಆ ಇಬ್ಬರಲ್ಲಿ ಒಬ್ಬ ಕಂಬಳಿ ಹೊದ್ದು ನಡುಗುತ್ತಲೇ ಕಾರ್ಯಕ್ರಮಕ್ಕೂ ಬಂದು ಕೂತಿದ್ದ. ಹಾಜರಿ ಕಡ್ಡಾಯವಲ್ಲವೇ!

ಕೆಲಸದ ರೀತಿ ವರ್ಷದಿಂದ ವರ್ಷಕ್ಕೆ ಹಗುರವಾಯಿತು. ಹಳೆಯ ಮಿಕ್ಸರಿನ ಜಾಗಕ್ಕೆ ತೋಳಲ್ಲಿ ಎತ್ತಿಕೊಳ್ಳುವಂಥ ಡಿಜಿಟಲ್ ಮಿಕ್ಸರು ಬಂತು. ವಾದ್ಯದವರ ಬದಲು ಲ್ಯಾಪ್‌ಟಾಪಿನೊಳಗೆ ವಾದ್ಯಗಳು ಬಂದವು. ಹಾಡುವವನ ಶ್ರುತಿ ತಪ್ಪಿದರೆ ಹಾರಿಹೋಗದಂತೆ ಹಿಡಿದು ಕೂರಿಸುವ ಪೆಟ್ಟಿಗೆಯೂ ಬಂತು. ನಮ್ಮ ಸಾಮಾನು ಹಗುರವಾದ ಹಾಗೇ ಕಲಾವಿದರೂ ಹಗುರವಾದರು. ಸೈನಿಕರ ಜೇಬಿನಲ್ಲೂ ಹಾಡುಗಳು ಬಂದವು. ಹಿಂದಿನ ಸಾಲಿನಲ್ಲಿ ಟೋಪಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೇರೆ ಹಾಡಿಗೆ ತಲೆದೂಗುತ್ತ, ನಮ್ಮ ಹಾಡಿಗೆ ಚಪ್ಪಾಳೆ ಹೊಡೆಯುವವರನ್ನು ನಾನೇ ಕಂಡಿದ್ದೇನೆ. ಅವರ ಸಭ್ಯತೆಗೆ ಕೈ ಮುಗಿಯಬೇಕು.

ಈಗ ಬಾಮಿಯಾನ್‌ಗೆ ಬರುತ್ತೇನೆ. ಆ ಹುಡುಗಿಗೆ ಹೇಳಬೇಕಾಗಿದ್ದು ಮುಖ್ಯವಾಗಿ ಇದನ್ನೇ.

ಬಾಮಿಯಾನ್ ಅಫ್ಘಾನಿಸ್ತಾನದ ನಡುವಿನ ಎತ್ತರದ ಕಣಿವೆ. ಹಸಿರು ಪಟ್ಟಿಯ ಹಾಗೆ ಆಲೂಗೆಡ್ಡೆಯ ಹೊಲಗಳು, ಅದರಾಚೆ ಕೆಂಪು ಬಂಡೆಯ ಗೋಡೆ. ಆ ಗೋಡೆಯಲ್ಲಿ ಬುದ್ಧನ ದೊಡ್ಡ ವಿಗ್ರಹಗಳು ನಿಂತಿದ್ದ ಗೂಡುಗಳು ಖಾಲಿಯಾಗಿ ಬಾಯಿ ತೆರೆದುಕೊಂಡಿದ್ದವು. ಇಳಿದ ಮೊದಲ ದಿನ ನಾನು ಸುಮ್ಮನೆ ಅವನ್ನೇ ನೋಡುತ್ತ ನಿಂತುಬಿಟ್ಟೆ. ಬ್ರೆಂಡನ್ ಪಕ್ಕಕ್ಕೆ ಬಂದ. ಬೆರಳುಗಳಿಂದ ಚೌಕಟ್ಟು ಮಾಡಿ ನೋಡಿ, “ಬ್ಯಾಕ್‌ಡ್ರಾಪ್ ಅಂದ್ರೆ ಇದು! ವೇದಿಕೆ ಇಲ್ಲೇ ಆಗಲಿ,” ಎಂದ.

ವೇದಿಕೆ ಎಂದರೆ ಒಂದು ಲಾರಿಯ ಬೆನ್ನು. ಅವನು ತೋರಿಸಿದ ಜಾಗ ಚಿಕಿತ್ಸಾ ಕೊಠಡಿಗೂ ಹೆಲಿಕಾಪ್ಟರ್ ಇಳಿಯುವ ಮೈದಾನಕ್ಕೂ ನಡುವಿನ ದಾರಿ. ದಾರಿಗೆ ಅಡ್ಡವಾಗುತ್ತದೆ ಎಂದು ಒಬ್ಬ ಸೈನಿಕ ಹೇಳಿದ. ಶಿಬಿರದ ಕಡೆಯಿಂದ ನಮ್ಮನ್ನು ನೋಡಿಕೊಳ್ಳಲು ನೇಮಿಸಿದ್ದ ತರುಣ ಕ್ಯಾಪ್ಟನ್ ಮಾತ್ರ ಬ್ರೆಂಡನ್‌ನ ಮುಖವನ್ನೇ ನೋಡುತ್ತಿದ್ದ. ಶಾಲೆಯಿಂದ ಮನೆಗೆ ಬರುವಾಗ ಅಮ್ಮನ ಕಾರಿನಲ್ಲಿ ದಿನವೂ ಬ್ರೆಂಡನ್‌ನ ದನಿ ಕೇಳುತ್ತಿದ್ದನಂತೆ. “ಒಂದು ಬೆಳಿಗ್ಗೆ ಮಟ್ಟಿಗೆ ತಾನೇ, ಪರವಾಗಿಲ್ಲ,” ಎಂದುಬಿಟ್ಟ.

ಬೆಳಿಗ್ಗೆ ಎಂದೆನಲ್ಲ, ಅದನ್ನು ವಿವರಿಸಬೇಕು. ಕಾರ್ಯಕ್ರಮ ಇಟ್ಟುಕೊಂಡಿದ್ದು ತಿಂಡಿಯ ಹೊತ್ತಿಗೆ. ಬಾಮಿಯಾನ್‌ನಲ್ಲಿ ತಿಂಡಿಯ ಹೊತ್ತೆಂದರೆ ಆಕ್ಲೆಂಡ್‌ನಲ್ಲಿ ಸಂಜೆ ಜನ ಕಾರಿನಲ್ಲಿ ಮನೆಗೆ ಹೋಗುವ ಹೊತ್ತು. ಬ್ರೆಂಡನ್‌ನ ರೇಡಿಯೊ ಆ ಹೊತ್ತಿನಲ್ಲಿ ನೇರ ಪ್ರಸಾರ ಮಾಡಲಿತ್ತು. ಅದಕ್ಕೆಂದೇ ಉಪಗ್ರಹದ ಫೋನನ್ನು ತಂದು ನನ್ನ ಮಿಕ್ಸರಿಗೆ ಜೋಡಿಸಿದ್ದರು. ಹೀಗಾಗಿ ಪಹರೆ ಮುಗಿಸಿ ಬಂದವರು, ಪಹರೆಗೆ ಹೋಗಬೇಕಾದವರು ಎಲ್ಲರೂ ಗಂಜಿಯ ಬಟ್ಟಲು ಹಿಡಿದು ರಾಕ್ ಸಂಗೀತ ಕೇಳಬೇಕಾಗಿತ್ತು.

ಹಿಂದಿನ ದಿನ ಮಧ್ಯಾಹ್ನ ನಾನು ಲಾರಿಯ ಕೆಳಗೆ ತೂರಿ ವೈರು ಎಳೆಯುತ್ತಿದ್ದೆ. ಚಳಿಗೆ ವೈರು ಕಡ್ಡಿಯಂತೆ ಸೆಟೆದು ಕೈಗೆ ಚುಚ್ಚಿತು. “ಥೂ, ಹಾಳಾದ್ ವೈರು,” ಎಂದು ಬೈದೆ.

“ವೈರಿಗ್ಯಾಕ್ ಬೈತೀರ್ರೀ ಅಂಕಲ್, ಪಾಪ ಅದೇನ್ ಮಾಡೇತಿ?” ಎಂದಿತು ಒಂದು ದನಿ.

ಈಚೆ ತೂರಿ ಬಂದು ನೋಡಿದರೆ ನ್ಯೂಜಿಲೆಂಡಿನ ಸೈನಿಕ ಉಡುಪಿನಲ್ಲಿ ಒಬ್ಬ ಹೆಣ್ಣುಮಗಳು. ಹೆಸರು ನಸೀಮಾ. ಊರು ಧಾರವಾಡ. ಓದಲು ನ್ಯೂಜಿಲೆಂಡಿಗೆ ಬಂದವಳು ಅಲ್ಲೇ ನಿಂತು, ಸೈನ್ಯ ಸೇರಿ, ಗಾಯಾಳುಗಳಿಗೆ ಮೊದಲ ಚಿಕಿತ್ಸೆ ಕೊಡುವ ಮೆಡಿಕ್ ಆಗಿದ್ದಳು. ಇಬ್ಬರೂ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತು ಮಾತಾಡಿದೆವು. ಕನ್ನಡ ಮಾತಾಡಿ ಎಷ್ಟು ದಿನ ಆಗಿತ್ತೋ, ಅವಳ ಮಾತು ನಿಲ್ಲಲೇ ಇಲ್ಲ. ಅವ್ವನಿಗೆ ತಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆಂದಷ್ಟೇ ಹೇಳಿದ್ದಾಳಂತೆ, ಅದು ಯಾವ ದೇಶದ ಆಸ್ಪತ್ರೆ ಎಂದು ಹೇಳಿಲ್ಲವಂತೆ.

“ನಮ್ಮ ಪ್ರೋಗ್ರಾಮ್ ಬಗ್ಗೆ ನಿಮ್ಮ ಹುಡುಗ್ರು ಏನಂತಾರಮ್ಮ?” ಎಂದು ಕೇಳಿದೆ.

“ಖರೇ ಹೇಳ್ಲೇನ್ರಿ? ಸಿಟ್ ಆಗಬ್ಯಾಡ್ರಿ ಮತ್ತ. ನಮಗ ಹಾಡು ಬ್ಯಾಡ್ರಿ ಅಂಕಲ್, ನಿದ್ದಿ ಬೇಕಾಗೇತಿ.”

ಮರುದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಸೈನಿಕರು ಬಟ್ಟಲು ಹಿಡಿದು ಬರುತ್ತಿದ್ದರು. ಏನೋ ಸರಿಯಿಲ್ಲ ಎಂದು ನನಗೇ ಅನಿಸಿತು. ಯಾರೂ ಲಾರಿಯ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕಣಿವೆಯ ರಸ್ತೆಯ ಮೇಲಿತ್ತು. ಆಗ ನಸೀಮಾ ಓಡಿಬಂದಳು.

“ಅಂಕಲ್, ಈ ಲಾರಿ ತೆಗೀಬೇಕ್ರಿ. ಸ್ಟ್ರೆಚರ್ ಹೋಗಾಕ ದಾರಿ ಬೇಕು.”

“ಏನಾಯ್ತಮ್ಮ?”

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. “ಗಸ್ತಿಗೆ ಹೋದ ಗಾಡಿ ಹೊಳಿಯಾಗ ಉರುಳೇತಿ. ಜೋ ಅಂತ ಒಬ್ಬ ಹುಡುಗ, ಅವನ ಕಾಲು ಭಾಳ ಕೆಟ್ಟೇತಿ. ಉಳೀತಾನೋ ಇಲ್ಲೋ ಹೇಳಾಕ ಬರೂದಿಲ್ಲ. ಇನ್ನೊಬ್ಬಾಂವಗೂ ಪೆಟ್ಟಾಗೇತಿ. ಹೊರಗ ಹೋಗೋ ಫೋನ್ ಎಲ್ಲಾ ಬಂದ್ ಮಾಡ್ಯಾರ. ಮೊದಲ ಮನಿಯವರಿಗೆ ನಮ್ಮವರ ಹೋಗಿ ಹೇಳಬೇಕು, ಅದು ರೂಲು. ಜೋ ಅವನ ಅವ್ವ ಏವನ್‌ಡೇಲ್‌ನ್ಯಾಗ ಅದಾಳ್ರಿ. ಒಬ್ಬಾಕಿನ. ಯಾರ ಮುಂದೂ ಅನಬ್ಯಾಡ್ರಿ.”

ಏವನ್‌ಡೇಲ್. ಭಾನುವಾರದ ಸಂತೆಗೆ ನಾನೂ ವಸುಧಾಳೂ ಮೆಂತ್ಯಸೊಪ್ಪಿಗಾಗಿ ಹೋಗುವ, ಆಕ್ಲೆಂಡ್‌ನದೇ ಬಡಾವಣೆ. ಆ ತಾಯಿಯ ಪಕ್ಕದಲ್ಲೇ ನಿಂತು ನಾವು ಎಷ್ಟು ಸಲ ಟೊಮ್ಯಾಟೊ ಆರಿಸಿದ್ದೇವೋ ಏನೋ.

ನಾನು ಕ್ಯಾಪ್ಟನ್‌ನ ಹತ್ತಿರ ಹೋದೆ. ಬ್ರೆಂಡನ್ ಆಗಲೇ ಅಲ್ಲಿದ್ದ. ಶಿಬಿರದ ಕಮಾಂಡರ್ ಅಪಘಾತದ ಜಾಗಕ್ಕೆ ಹೋಗಿದ್ದರು.

“ಕಮಾಂಡರ್ ಬರೋವರೆಗೆ ಹೊರಗಿನ ಯಾವ ಫೋನೂ ಬಳಸಬಾರದು ಸರ್,” ಎನ್ನುತ್ತಿದ್ದ ಕ್ಯಾಪ್ಟನ್.

“ಇದು ಫೋನಲ್ಲಪ್ಪ, ಬ್ರಾಡ್‌ಕಾಸ್ಟ್! ನಮ್ಮ ಸಮಯ ಶುರುವಾಗೋದರಲ್ಲಿದೆ. ಬರೀ ಹಾಡು ಕಳಿಸ್ತೀವಿ. ಇಲ್ಲೇನಾಗಿದೆ ಅಂತ ನಾನು ಬಾಯಿ ಬಿಡೋದಿಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?”

ತರುಣನ ಮುಖ ಕೆಂಪಾಯಿತು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕೇಳಿದ್ದ ದನಿ ಅದು. “ಹಾಡು ಮಾತ್ರ ಅಂದ್ರೆ... ಸರಿ ಸರ್,” ಎಂದ. ಲಾರಿ ತೆಗೆಯುವ ಮಾತನ್ನು ನಾನೆತ್ತಿದೆ. ಹೆಲಿಕಾಪ್ಟರ್ ಬರಲು ಇನ್ನೂ ಹೊತ್ತಿದೆ, ಮೊದಲ ಹಾಡು ಮುಗಿಯಲಿ ಎಂದ ಬ್ರೆಂಡನ್.

ಮೊದಲು ಹಾಸ್ಯಗಾರನನ್ನು ಹತ್ತಿಸಿದರು. ಅವನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಸೈನ್ಯದ ಡ್ರೈವರುಗಳ ಬಗ್ಗೆ ಊರಿನಿಂದಲೇ ತಯಾರಿ ಮಾಡಿಕೊಂಡು ಬಂದ ಜೋಕಿನಿಂದ ಶುರುಮಾಡಿದ. ಗಾಡಿ ಹಳ್ಳಕ್ಕೆ ಬೀಳುವ ಜೋಕು. ಯಾರೂ ನಗಲಿಲ್ಲ. ಕೇಳಿಸಿಲ್ಲವೇನೋ ಎಂದು ಅವನು ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳಿದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಸಾರ್ಜೆಂಟ್ ಬಟ್ಟಲನ್ನು ನೆಲದ ಮೇಲಿಟ್ಟು ಎದ್ದು ನಿಂತು, “ಇಳಿದು ಬಾರಯ್ಯ,” ಎಂದ. ಬೈಯುವ ದನಿಯಲ್ಲಲ್ಲ. ಮಗುವನ್ನು ಗೋಡೆಯ ಮೇಲಿಂದ ಇಳಿಸುವ ದನಿಯಲ್ಲಿ. ಹಾಸ್ಯಗಾರ ಇಳಿದ.

ಆ ಹೊತ್ತಿಗೆ ಆಕ್ಲೆಂಡ್‌ನ ಸ್ಟುಡಿಯೊ ನನ್ನ ಹೆಡ್‌ಫೋನಿನಲ್ಲಿ ಬಂದಿತು. ಈಗ ಬಾಮಿಯಾನ್‌ನಿಂದ ಬ್ರೆಂಡನ್, ಎಂದರು. ಪ್ರಸಾರದ ಮೈಕು ಬೇರೆಯೇ ಇತ್ತು. ಅದರ ಮಾತು ಸೈನಿಕರಿಗೆ ಕೇಳಿಸದು, ಆಕ್ಲೆಂಡಿಗೆ ಮಾತ್ರ. ಬ್ರೆಂಡನ್ ಅದನ್ನು ಹಿಡಿದು ಲಾರಿಯ ಮಗ್ಗುಲಿಗೆ, ಸೈನಿಕರಿಗೆ ಬೆನ್ನುಮಾಡಿ ನಿಂತ. ನಾನು ಅವನಿಗೆ ಎರಡು ಮಾರು ದೂರದಲ್ಲಿದ್ದೆ. ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ಬಂದದ್ದು ಸೋಪು ಮಾರುವ ದನಿಯಲ್ಲ, ಇನ್ನೊಂದು.

“ಗೆಳೆಯರೇ,” ಎಂದ. “ಇವತ್ತು ಬೆಳಿಗ್ಗೆ ಇಲ್ಲಿ...”

ನನ್ನ ಕೈ ಯೋಚನೆ ಮಾಡಲಿಲ್ಲ. ಆ ಮೈಕಿನ ಗುಂಡಿಯನ್ನು ಕೆಳಗೆಳೆದೆ. ಅಷ್ಟು ಸಾಲದೆನಿಸಿ ಉಪಗ್ರಹದ ಫೋನಿಗೆ ಹೋಗುತ್ತಿದ್ದ ವೈರನ್ನೇ ಕಿತ್ತೆ. ಹೆಡ್‌ಫೋನನ್ನು ತೆಗೆದು ಪೆಟ್ಟಿಗೆಯ ಮೇಲೆಸೆದೆ. ಕೆಲಸ ಹೋಯಿತು, ವಸುಧಾಳಿಗೆ ಏನು ಹೇಳಲಿ, ಎಂದು ಆಮೇಲೆ ಹೊಳೆಯಿತು.

ಬ್ರೆಂಡನ್‌ಗೆ ಇದು ಗೊತ್ತಾಗಲಿಲ್ಲ. ಅವನು ಸತ್ತ ಮೈಕಿನಲ್ಲಿ ಮಾತಾಡುತ್ತಲೇ ಇದ್ದ. ದಾರುಣ ಎಂದ. ಉರುಳಿದ ವಾಹನ ಎಂದ. ನಮ್ಮ ಆಕ್ಲೆಂಡಿನದೇ ಒಬ್ಬ ಹುಡುಗ, ಹೆಸರು ಹೇಳುವಂತಿಲ್ಲ, ಎಂದ. ಈ ಕ್ಷಣದಲ್ಲಿ ಯಾವುದೋ ಮನೆಯ ತಾಯಿಯೊಬ್ಬಳು, ಎಂದು ಶುರುಮಾಡಿ ತನ್ನ ಮಾತಿಗೆ ತಾನೇ ಕರಗಿ ಕಣ್ಣೊರೆಸಿಕೊಂಡ. ಸೈನ್ಯದವರು ಅವಳ ಬಾಗಿಲಿಗೆ ಹೋಗುವ ಮೊದಲೇ ಅವಳ ಅಡುಗೆಮನೆಗೆ ನುಗ್ಗಿ ಇದನ್ನು ಹೇಳಲು ಹೊರಟವನಿಗೆ ಕಣ್ಣೀರು! ನನ್ನ ಬದುಕಿನಲ್ಲಿ ಮನುಷ್ಯನೊಬ್ಬನ ಮೇಲೆ ಅಷ್ಟು ಹೇಸಿಗೆ ನನಗೆಂದೂ ಆಗಿಲ್ಲ.

ಲಾರಿಯ ಮೆಟ್ಟಿಲ ಹತ್ತಿರ ಆರೊಹಾ ನಿಂತಿದ್ದಳು. ಬ್ರೆಂಡನ್‌ನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಸಿಟ್ಟಿನಿಂದ ಅವನ ಕಡೆ ಹೆಜ್ಜೆ ಇಟ್ಟವಳು ನನ್ನ ಕೈಯಲ್ಲಿ ತೂಗುತ್ತಿದ್ದ ವೈರನ್ನು ನೋಡಿದಳು. ನಿಂತಳು.

“ಸ್ಟುಡಿಯೊ? ಸ್ಟುಡಿಯೊ, ಕೇಳಿಸ್ತಾ ಇದೆಯಾ?” ಎಂದು ಬ್ರೆಂಡನ್ ಕೂಗಿದ. “ಗೋಪ್! ಏನಾಯ್ತು?”

“ಲೈನ್ ಹೋಯ್ತು.”

“ಯಾವಾಗ?”

“ಈಗಷ್ಟೆ.”

“ಮತ್ತೆ ಹಿಡಿ! ಬೇಗ!”

“ಸಿಗ್ತಾ ಇಲ್ಲ.”

“ಸ್ಯಾಟಲೈಟು ಬೆಟ್ಟದ ಹಿಂದೆ ಹೋಗಿರಬೇಕು, ಡಾರ್ಲಿಂಗ್,” ಎಂದಳು ಆರೊಹಾ, ನನಗೂ ಅವನಿಗೂ ನಡುವೆ ಬಂದು ನಿಂತು. ಆಕೆಯ ಮೈಕಟ್ಟು ದೊಡ್ಡದು. ಅವಳ ಹಿಂದಿದ್ದ ವೈರು ಅವನಿಗೆ ಕಾಣುವಂತಿರಲಿಲ್ಲ.

ಆಮೇಲೆ ಅವಳು ಲಾರಿ ಹತ್ತಿ ವೇದಿಕೆಯ ಮೈಕು ಹಿಡಿದಳು. “ನಿಮ್ಮಲ್ಲಿ ಯಾರಿಗಾದರೂ ಈಗ ಹಾಡು ಬೇಕಾ?” ಎಂದು ಕೇಳಿದಳು. ಒಂದಿಬ್ಬರು ಬೇಡವೆಂದು ತಲೆಯಾಡಿಸಿದರು. “ನನಗೂ ಬೇಡ. ಹಾಗಾದರೆ ಈ ಲಾರಿಯನ್ನ ದಾರಿಯಿಂದ ತೆಗೆಯೋಣ, ಬನ್ನಿ.”

ಎಲ್ಲರೂ ಒಟ್ಟಿಗೆ ಎದ್ದರು. ನನ್ನ ವೃತ್ತಿಯಲ್ಲಿ ಸಭಿಕರು ಅಷ್ಟು ಹುರುಪಿನಿಂದ ಪಾಲ್ಗೊಂಡದ್ದನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಸ್ಪೀಕರುಗಳನ್ನು ಹೊತ್ತರು, ವೈರು ಸುತ್ತಿದರು, ಕುರ್ಚಿ ಬೆಂಚು ಎತ್ತಿದರು. ನಾನು ಕೊನೆಯ ಪೆಟ್ಟಿಗೆ ಮುಚ್ಚುವ ಮೊದಲೇ ಲಾರಿ ಹೊರಟಿತು. ದಾರಿ ತೆರವಾಗುವುದಕ್ಕೂ ಗಾಯಾಳುಗಳ ಗಾಡಿ ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು. ನಸೀಮಾ ಒಂದು ಸ್ಟ್ರೆಚರಿನ ಪಕ್ಕ ಬಾಟಲಿ ಎತ್ತಿ ಹಿಡಿದು ಓಡುತ್ತಿದ್ದಳು. ಆ ಹುಡುಗನ ಮುಖ ಕಂಡೆ. ಬಣ್ಣವೇ ಇರಲಿಲ್ಲ. ಚಿಕಿತ್ಸಾ ಕೊಠಡಿಯಿಂದ ಮೈದಾನಕ್ಕೆ, ಮೈದಾನದಿಂದ ಹೆಲಿಕಾಪ್ಟರಿಗೆ. ಅದು ಎಬ್ಬಿಸಿದ ಧೂಳು ನಮ್ಮೆಲ್ಲರ ಮೇಲೆ ಬಿತ್ತು. ಬ್ರೆಂಡನ್ ಕ್ಯಾಮೆರಾ ಹುಡುಕುತ್ತಿದ್ದ.

ಆ ದಿನವೆಲ್ಲ ಊಟದ ಹಾಲಿನಲ್ಲಿ ಕಾದು ಕೂತೆವು. ಆರೊಹಾ ಅಡುಗೆಯವರ ಜೊತೆ ಪಾತ್ರೆ ತೊಳೆದಳು. ಯಾರೂ ಮನರಂಜನೆ ಕೇಳಲಿಲ್ಲ. ಕಮಾಂಡರ್ ಮರಳಿ ಬಂದವರು, ಹೊರಗೆ ಮಾತು ಹೋಯಿತೇ ಎಂದು ಮೊದಲು ಕೇಳಿದರು. ಕ್ಯಾಪ್ಟನ್ ಬ್ರೆಂಡನ್‌ನ ಮುಖ ನೋಡಿದ. ಬ್ರೆಂಡನ್ ಮುಂದೆ ಬಂದು ಎದೆಯ ಮೇಲೆ ಕೈಯಿಟ್ಟು ಹೇಳಿದ: “ಇಲ್ಲ. ನಾನೇ ನಿಲ್ಲಿಸಿದೆ. ಕುಟುಂಬದವರ ಬಗ್ಗೆ ಯೋಚನೆ ಬಂತು.”

ಆರೊಹಾ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಟ್ಟರೆ ಆಜ್ಞೆ ಮೀರಿ ಲೈನ್ ಕೊಟ್ಟ ಆ ತರುಣ ಕ್ಯಾಪ್ಟನ್‌ನ ಕೆಲಸ ಹೋಗುತ್ತಿತ್ತು. ಅವನು ಪೆದ್ದನಷ್ಟೇ, ಕೆಟ್ಟವನಲ್ಲ.

ಆಕ್ಲೆಂಡಿಗೆ ಬಂದಮೇಲೆ ಕಾಲಿನ್ ಶೆಡ್ಡಿನಲ್ಲಿ ಕೇಳಿದ, “ಲೈನ್ ಕಿತ್ತದ್ದು ನೀನೇನಾ? ಬ್ರೆಂಡನ್‌ಗೆ ಅನುಮಾನ ಇದೆ.”

“ಹೌದು,” ಎಂದೆ.

ಅವನು ಗಡ್ಡ ಕೆರೆದುಕೊಂಡ. “ಒಳ್ಳೇದು ಮಾಡಿದೆ. ಆದರೆ ಮುಂದಿನ ಟೂರಿಗೆ ಬೇರೆಯವರನ್ನ ಕಳಿಸಬೇಕಾಗತ್ತೆ ನೋಡು.” ಕಾಲಿನ್‌ನ ಒಳ್ಳೆಯತನ ಯಾವಾಗಲೂ ವ್ಯಾಪಾರದ ಗಡಿಯವರೆಗೆ ಬಂದು ಅಲ್ಲಿಂದ ಕೈಬೀಸುತ್ತಿತ್ತು.

ಅಲ್ಲಿಂದ ನನಗೆ ಮಾಲುಗಳ ಉದ್ಘಾಟನೆ, ಕಾರು ಮಾರಾಟದ ಮೇಳ, ಮದುವೆಗಳು. ಮನೆಯಲ್ಲಿ ವಸುಧಾ ಒಂದೇ ಮಾತು ಹೇಳಿದಳು: “ಸದ್ಯ, ಇನ್ಮೇಲೆ ಊಟಕ್ಕಾದ್ರೂ ಮನೆಗೆ ಬರ್ತೀರಲ್ಲ.” ಬ್ರೆಂಡನ್‌ಗೆ ಮುಂದೆ ಸರ್ಕಾರದ ಗೌರವ ಸಿಕ್ಕಿತು, ಸೈನಿಕರ ಸೇವೆಗೆ. ಆ ದಿನ ನೇರ ಪ್ರಸಾರವನ್ನು ತಾನೇ ನಿಲ್ಲಿಸಿದ ಕಥೆಯನ್ನು ಅವನು ಕಂಪನಿಗಳ ಔತಣಗಳಲ್ಲಿ ಹೇಳುತ್ತಿದ್ದ. ಅಂಥ ಒಂದು ಔತಣಕ್ಕೆ ಸೌಂಡ್ ಹಾಕಿದವನು ನಾನೇ. ಸಾವಿನ ದನಿಗೆ ಇಳಿದಾಗ ಅವನ ಮಾತು ಹಿಂದಿನ ಮೇಜುಗಳಿಗೆ ಕೇಳಿಸುತ್ತಿರಲಿಲ್ಲ, ಸ್ವಲ್ಪ ಏರಿಸಿಕೊಟ್ಟೆ. ಕೆಲಸ ಅಂದರೆ ಕೆಲಸ.

ಆದ್ದರಿಂದ, ಮಗಳೇ, ಕರೆದಿದ್ದರೆ ಹೋಗು. ಸಂಬಳ ಕೆಟ್ಟದಲ್ಲ, ದೇಶಗಳನ್ನು ನೋಡುತ್ತೀಯ. ಹಾಡುವವರು ಸೈನಿಕರಿಗಾಗಿ ಬಂದಿದ್ದೇವೆ ಎಂದರೆ ಅದನ್ನು ಮಾತ್ರ ನಂಬಬೇಡ. ಆರೊಹಾಳಂಥವರು ಹಾಗೆ ಹೇಳುವುದೂ ಇಲ್ಲ. ಸ್ಪೀಕರನ್ನು ಕೇಳುವ ಜನರ ಕಡೆಗೆ ತಿರುಗಿಸಿಡು. ಲಾರಿಯನ್ನು ಸ್ಟ್ರೆಚರಿನ ದಾರಿಯಲ್ಲಿ ನಿಲ್ಲಿಸಲು ಬಿಡಬೇಡ.

ನಸೀಮಾ ಸೈನ್ಯ ಬಿಟ್ಟಮೇಲೆ ಆಕ್ಲೆಂಡಿನಲ್ಲೇ ಆಸ್ಪತ್ರೆಯ ಕೆಲಸಕ್ಕೆ ಸೇರಿದಳು. ಒಂದು ಶನಿವಾರ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಬಸ್ಸಿನಿಂದಿಳಿದು ಬೇಳೆ ತರಲು ಅಂಗಡಿಗೆ ಹೋಗುತ್ತಿದ್ದಾಗ ಹಿಂದಿನಿಂದ “ಅಂಕಲ್!” ಎಂದಳು. ದೋಸೆಯಂಗಡಿಯಲ್ಲಿ ಕೂತೆವು. ಜೋ ಉಳಿದನಂತೆ. ಒಂದು ಕಾಲು ಮೊಣಕಾಲಿನಿಂದ ಕೆಳಗಿಲ್ಲ. ಮದುವೆಯಾಗಿದ್ದಾನಂತೆ, ಯೂಟ್ ಎಂದು ಇಲ್ಲಿಯವರು ಕರೆಯುವ, ಹಿಂದೆ ಸರಕು ತುಂಬುವ ಕಾರನ್ನು ತನ್ನ ಕಾಲಿಗೆ ಹೊಂದುವಂತೆ ಮಾಡಿಸಿಕೊಂಡು ಓಡಿಸುತ್ತಾನಂತೆ.

“ಅವರ ಅವ್ವನ ಮನೀಗೆ ನಾ ಹೋಗ್ತಿರ್ತೇನ್ರಿ,” ಎಂದಳು. “ಆಕಿ ಒಮ್ಮೆ ಹೇಳಿದ್ಲು. ಅವತ್ತ ಸಂಜಿಮುಂದ ಆಕಿ ಅಡಗಿ ಮಾಡಾಕತ್ತಿದ್ಲಂತ. ರೇಡಿಯೊ ಹಚ್ಚಿ ಇಟ್ಟಿದ್ಲಂತ, ಅದ ಸ್ಟೇಷನ್ನು. ಮಗ ಇರೋ ಊರಿಂದ ಹಾಡು ಬರ್ತಾವಂತ ಕೇಳಾಕಂತನ ಹಚ್ಚಿದ್ಲಂತ.”

ನನ್ನ ಕೈಯಲ್ಲಿದ್ದ ದೋಸೆಯ ತುಂಡು ಚಟ್ನಿಯಲ್ಲೇ ನಿಂತಿತು.

“ಆಮೇಲೆ?” ಎಂದೆ.

“ಬಾಮಿಯಾನ್ ಅಂದ್ರಂತ, ಯಾರೋ ಗೆಳೆಯರೇ ಅಂದನಂತ, ಕಟ್ ಆತಂತ. ಹಾಡು ಬರಲಿಲ್ಲಂತ ಆಕಿಗೆ ಭಾಳ ಸಿಟ್ಟು ಬಂದಿತ್ತಂತ ನೋಡ್ರಿ. ಬರೀ ಅಡ್ವರ್ಟೈಸ್‌ಮೆಂಟು ಹಾಕಿದ್ರಂತ, ಕಾರ್ಪೆಟ್ಟಿಂದು. ಅರ್ಧಾ ಬೆಲೆಗೆ ಕಾರ್ಪೆಟ್, ಓಡಿ ಬರ್ರಿ ಅಂತ ಹೊಡಕೊಳ್ಳಾಕತ್ತಿದ್ರಂತ. ಅದನ್ನ ಬಂದ್ ಮಾಡಾಕ ಕೈ ಒರಸಿಕೊಂಡು ಹೋಗೂದ್ರಾಗ ಬಾಗಿಲ ಬಡದಂಗಾತಂತ. ತೆಗದ್ರ ನಮ್ಮ ಆಫೀಸರ್, ಜೋಡಿ ಒಬ್ರು ಪಾದ್ರಿ. ಆಕೀನ ಕೂಡಿಸಿ, ಕೈ ಹಿಡಕೊಂಡು, ಮೊದಲ ‘ಜೀವಂತ ಅದಾನ’ ಅಂದ್ರಂತ. ಆಮ್ಯಾಲ ಉಳದದ್ದು ಹೇಳಿದ್ರಂತ.”

ಇಡೀ ಜೀವಮಾನ ನಾನು ಕಾರ್ಪೆಟ್ ಜಾಹೀರಾತುಗಳಿಗೆ ಮೈಕು ಹಿಡಿದಿದ್ದೇನೆ. ಅವನ್ನು ಬರೆದವರನ್ನೂ ಕೂಗಿದವರನ್ನೂ ಬಾಯ್ತುಂಬ ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಅದೊಂದನ್ನು ಮಾತ್ರ ಬಿಟ್ಟು.